ಹಳ್ಳಿಯ ಕಲ್ಲಿನ ಶಾಲೆ ಯಾರದು?

ಬೆಳಗಾವಿ, ಧಾರವಾಡ, ವಿಜಾಪುರ ಸೀಮೆಯಿಂದ ಮುಂಬಯಿಗೆ ದುಡಿಯಲು ಬಂದವರ ಎಷ್ಟೋ ಊರುಗಳಲ್ಲಿ ಹಳೆಯ ಕಲ್ಲಿನ ಶಾಲೆಗಳುಂಟು. ಅವನ್ನು ಸರಕಾರ ಧರ್ಮಕ್ಕೆ ಕಟ್ಟಿಸಿಕೊಟ್ಟಿತೆಂದು ಹಲವರ ತಿಳುವಳಿಕೆ. ಲೆಕ್ಕ ಬೇರೆಯೇ ಇದೆ.

ಮೊದಲು ಗುಡಿ, ಮಠ, ಚಾವಡಿಗಳಲ್ಲಿ ಮಕ್ಕಳು ಮರಳ ಮೇಲೆ ಅಕ್ಷರ ತಿದ್ದುತ್ತಿದ್ದರು. 1860ರ ದಶಕದಲ್ಲಿ ಮುಂಬಯಿ ಇಲಾಖೆಯ ಸರಕಾರ ಭೂಕಂದಾಯದ ರೂಪಾಯಿಗೆ 1 ಆಣೆ ಹೆಚ್ಚಿನ ಪಟ್ಟಿ ಹಾಕಿತು. 1869ರಲ್ಲಿ ಅದಕ್ಕೆ ಕಾಯದೆಯಾಯಿತು. ಈ ‘ಲೋಕಲ್ ಫಂಡ್’ನ ಮೂರರಲ್ಲಿ ಎರಡು ಪಾಲು ರಸ್ತೆ ಮೊದಲಾದ ಕೆಲಸಗಳಿಗೆ, ಒಂದು ಪಾಲು ಶಾಲೆಗೆ. 12 ರೂಪಾಯಿ ಕಂದಾಯ ಕಟ್ಟುವ ರೈತ 12 ಆಣೆ ಪಟ್ಟಿ ಕೊಟ್ಟರೆ, ಅದರಲ್ಲಿ 4 ಆಣೆ ಶಾಲೆಯದು. ಹೀಗೆ ಕೂಡಿದ ಹಣದಿಂದ ಹಳ್ಳಿಶಾಲೆಗಳು ನಡೆದವು, ಕಟ್ಟಡಗಳೂ ಎದ್ದವು. ಕನ್ನಡ ಶಾಲೆಗಳು ಹೆಚ್ಚಲೆಂದು ಡೆಪ್ಯುಟಿ ಚನ್ನಬಸಪ್ಪನವರು ದುಡಿದರು.

ಆದರೆ ಬಾಗಿಲು ಎಲ್ಲರಿಗೂ ತೆರೆದಿತ್ತೇ? 1856ರಲ್ಲಿ ಧಾರವಾಡದ ಸರಕಾರಿ ಶಾಲೆಗೆ ಸೇರಿಸಿಕೊಳ್ಳಿರೆಂದು ಮಹಾರ ಜಾತಿಯ ಬಾಲಕನೊಬ್ಬ ಅರ್ಜಿ ಕೊಟ್ಟ. ಮುಂಬಯಿ ಸರಕಾರ ಪ್ರವೇಶ ಕೊಡಿಸಲಿಲ್ಲ. 1858ರಲ್ಲಿ ಕಂಪನಿಯ ಡೈರೆಕ್ಟರರು, ಸರಕಾರದ ಶಾಲೆ ಎಲ್ಲ ಜಾತಿಗಳಿಗೂ ತೆರೆದಿರಬೇಕೆಂದು ಬರೆದರು. ಬರೆದದ್ದು ನಡೆಯಲು ಬಹಳ ಕಾಲ ಹಿಡಿಯಿತು. ಎಷ್ಟೋ ಊರುಗಳಲ್ಲಿ ದಲಿತ ಮಕ್ಕಳು ಹೊರಗಿನ ಕಟ್ಟೆಯ ಮೇಲೆ ಕುಳಿತೇ ಕಲಿತರು.

ಈ ಸಲ ಊರಿಗೆ ಹೋದಾಗ ಶಾಲೆಯ ಗೋಡೆಯಲ್ಲಿ ಇಸವಿ ಕೆತ್ತಿದ್ದರೆ ಬರೆದುಕೊಳ್ಳಿರಿ. ಹಿರಿಯರನ್ನು ಎರಡು ಮಾತು ಕೇಳಿರಿ: ಹಣ ಕೊಟ್ಟವರು ಯಾರು? ಒಳಗೆ ಕೂತವರು ಯಾರು?