ಹೆಬ್ಬೇವಿನ ಸಾಲು, ನಡುವೆ ರಾಗಿ



ಹೆಬ್ಬೇವು ಪ್ಲೈವುಡ್‌ಗೆ ಬಲಿಯಲು ಆರೇಳು ವರ್ಷ ಬೇಕು. ಹಸುವಿಗೆ ಮೇವು ದಿನವೂ ಬೇಕು. ಬನಶಂಕರಿಯಿಂದ ಕನಕಪುರದ ಕಡೆಗಿನ ಮಳೆಯಾಶ್ರಿತ ಹೊಲಗಳಲ್ಲಿ ಗಿಡ ಒತ್ತಾಗಿ ನೆಟ್ಟರೆ ನೆರಳಿಗೆ ರಾಗಿಯೂ ಅದರ ಹುಲ್ಲೂ ಕುಗ್ಗುತ್ತವೆ.

ಸಾಲಿನಿಂದ ಸಾಲಿಗೆ 30 ಅಡಿ, ಗಿಡದಿಂದ ಗಿಡಕ್ಕೆ 10 ಅಡಿ ಬಿಡಿ: ಎಕರೆಗೆ ಸುಮಾರು 145 ಗಿಡ. ಸಾಲು ಪೂರ್ವ-ಪಶ್ಚಿಮವಾಗಿದ್ದರೆ ಬೆಳೆಗೆ ಬಿಸಿಲು ಸಿಗುತ್ತದೆ. ಮೊದಲೆರಡು ವರ್ಷ ದನ, ಮೇಕೆ ಬಾಯಿ ಹಾಕದಂತೆ ಸಸಿಗೆ ಬೇಲಿ ಕಟ್ಟಿ. ಬಿತ್ತನೆಗೆ ಮೊದಲು ಕೆಳಗಿನ ಕೊಂಬೆ ಸವರಿ. ನೆರಳು ಹೆಚ್ಚಿದಾಗ ಮರದ ಪಕ್ಕದ ಪಟ್ಟಿಯಲ್ಲಿ ಗಿನಿ ಹುಲ್ಲು ಹಾಕಿ. ಅದು ಅರೆನೆರಳಲ್ಲೂ ಬೆಳೆಯುತ್ತದೆ.

ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಬದುಕುಳಿದ ಸಸಿಗೆ ಮೂರು ವರ್ಷ ಪ್ರೋತ್ಸಾಹಧನವಿದೆ. ಪಹಣಿಯೊಂದಿಗೆ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.