ಕಾಲೇಜಿನ ಹೊಸ್ತಿಲಲ್ಲಿ ಇಂಗ್ಲಿಷು

ಹಾಸನದ ಬಳಿಯ ಬೂವನಹಳ್ಳಿಯಂತಹ ಊರಿನಿಂದ, ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಕಲಿತ ವಿದ್ಯಾರ್ಥಿಯೊಬ್ಬನು ಪೇಟೆಯ ಕಾಲೇಜಿಗೆ ಬಂದು ವಿಜ್ಞಾನ ತರಗತಿಯನ್ನು ಸೇರಿದನೆಂದು ಭಾವಿಸೋಣ. ಅಧ್ಯಾಪಕರು 'ಆಕ್ಸಿಲರೇಷನ್' ಎಂದರೇನೆಂದು ಕೇಳುತ್ತಾರೆ. ಅವನು ಮಿಕಮಿಕನೆ ನೋಡುತ್ತಾನೆ. ವೇಗೋತ್ಕರ್ಷವೆಂದು ಕೇಳಿದ್ದರೆ ಒಡನೆಯೇ ಸೂತ್ರವನ್ನು ಒಪ್ಪಿಸುತ್ತಿದ್ದನು. ಇಂತಹವನನ್ನು ದಡ್ಡನೆಂದು ಎಣಿಸುವುದು ನ್ಯಾಯವೆ?

ಭಾಷಾಸಾಮರ್ಥ್ಯವು ಒಂದೇ ಅಳತೆಗೋಲಿಗೆ ಸಿಕ್ಕುವ ವಸ್ತುವಲ್ಲ. ದಿನಬಳಕೆಯ ಮಾತು ಬೇರೆ, ಪಾಠದ ಭಾಷೆ ಬೇರೆ ಎಂಬುದನ್ನು ಕೆನಡಾದಲ್ಲಿ ಕೆಲಸಮಾಡಿದ ಜಿಮ್ ಕಮಿನ್ಸ್ ಎಂಬ ವಿದ್ವಾಂಸರು 1979ರಲ್ಲಿ ವಿಂಗಡಿಸಿ ತೋರಿಸಿದರು. ಅಲ್ಲಿಗೆ ವಲಸೆ ಬಂದ ಮಕ್ಕಳು ಸುಮಾರು 2 ವರ್ಷಗಳಲ್ಲಿ ಸಲೀಸಾಗಿ ಮಾತನಾಡುವರಾದರೂ, ಪಾಠದ ಭಾಷೆಯಲ್ಲಿ ಸಹಪಾಠಿಗಳ ಸಮಕ್ಕೆ ಬರಲು 5ರಿಂದ 7 ವರ್ಷಗಳು ಬೇಕಾಗುತ್ತಿದ್ದವು. ಅವರ ಸುತ್ತಲೂ ದಿನವಿಡೀ ಇಂಗ್ಲಿಷು! ನಮ್ಮ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷನ್ನು ಕಲಿಸುತ್ತಿದ್ದರೂ, ಗಂಟೆ ಬಾರಿಸಿದೊಡನೆ ಆ ಭಾಷೆಯೂ ಮುಗಿಯುತ್ತದೆ.

ಪಾರಿಭಾಷಿಕ ಪದಗಳೇ ತೊಡಕೆಂದು ಹಲವರು ತಿಳಿಯುವರು. ಅವು ತಿಂಗಳೊಪ್ಪತ್ತಿನಲ್ಲಿ ಬಾಯಿಗೆ ಬರುತ್ತವೆ. ನಿಜವಾದ ತೊಡಕು ವಾಕ್ಯದ ಕಟ್ಟಿನಲ್ಲಿದೆ. 'ಹೊರಗಿನಿಂದ ಬಲವು ವರ್ತಿಸದ ಹೊರತು ನಿಶ್ಚಲ ವಸ್ತುವು ನಿಶ್ಚಲವಾಗಿಯೇ ಇರುತ್ತದೆ' ಎನ್ನುವಾಗ ಕನ್ನಡದಲ್ಲಿ ನಿಬಂಧನೆಯು ಮೊದಲು, ಕ್ರಿಯಾಪದವು ಕೊನೆಗೆ. ಇಂಗ್ಲಿಷ್ ಪುಸ್ತಕದಲ್ಲಿ ನಿಬಂಧನೆಯು ಸಾಮಾನ್ಯವಾಗಿ ಕೊನೆಯಲ್ಲಿ, 'ಅನ್‌ಲೆಸ್' ಎಂಬ ಪುಟ್ಟ ಪದಕ್ಕೆ ಜೋತುಬಿದ್ದಿರುತ್ತದೆ. ಆ ಪದವು ಕಿವಿಗೆ ಬೀಳದಿದ್ದರೆ ನಿಯಮದ ಅರ್ಥವೇ ಕೆಡುತ್ತದೆ.

ಇಷ್ಟಾದರೂ ಕನ್ನಡದಲ್ಲಿ ಕಲಿತ ವಿಷಯವು ವ್ಯರ್ಥವಾಗದು. ತಾಯ್ನುಡಿಯಲ್ಲಿ ಬಲಿತ ಕಲ್ಪನೆಯು ಎರಡನೆಯ ಭಾಷೆಯ ಓದಿಗೂ ಆಧಾರವಾಗುತ್ತದೆಂಬುದು ಕಮಿನ್ಸರ ಇನ್ನೊಂದು ವಾದ. ಆದುದರಿಂದ ಹತ್ತನೆಯ ತರಗತಿಯ ಕನ್ನಡ ಪುಸ್ತಕವನ್ನು ಮಾರಿಬಿಡದೆ ಇಂಗ್ಲಿಷ್ ಪುಸ್ತಕದ ಪಕ್ಕದಲ್ಲಿರಿಸಿಕೊಂಡು ಓದುವುದು ಮೇಲು.

ಬಳಸದ ಭಾಷೆಯ ಗತಿಯೇನು? ಶಾಲೆಯಲ್ಲಿ ಸ್ಪ್ಯಾನಿಷ್ ಕಲಿತಿದ್ದ ಅಮೆರಿಕದವರನ್ನು ಪರೀಕ್ಷಿಸಿ ಹ್ಯಾರಿ ಬಾರಿಕ್ ಎಂಬ ಮನೋವಿಜ್ಞಾನಿ 1984ರಲ್ಲಿ ವರದಿ ಮಾಡಿದರು. ಮರೆವೆಲ್ಲ ಮೊದಲ 3ರಿಂದ 6 ವರ್ಷಗಳಲ್ಲಿಯೇ ಹೆಚ್ಚು. ಆಮೇಲೆ ಉಳಿದುದು ಸುಮಾರು 30 ವರ್ಷ ಕದಲದೆ ನಿಂತಿತ್ತು. ಚೆನ್ನಾಗಿ ಕಲಿತವರಲ್ಲಿ ಉಳಿದುದೂ ಹೆಚ್ಚು. ಈ ಮರೆವು ಪರಭಾಷೆಗೆ ಮಾತ್ರ ಮೀಸಲೆನ್ನುವಂತಿಲ್ಲ. ನಮ್ಮ ವಿದ್ಯಾರ್ಥಿಯು ಪದವಿ ಮುಗಿಸಿ ಊರಿಗೆ ಬಂದು, ತಂಗಿಗೆ ಪಾಠ ಹೇಳಲು ಕುಳಿತಾಗ 'ಮೊಮೆಂಟಮ್' ಥಟ್ಟನೆ ಬಂದು, 'ಸಂವೇಗ'ವು ನಾಲಗೆಯ ತುದಿಗೆ ಬಾರದಿರುವುದೂ ಉಂಟು.