ಆಸ್ಪತ್ರೆಯ ತಾರಸಿ ಮೇಲೆ ಹೆಲಿಕಾಪ್ಟರ್

ಲಂಡನ್ ಬಹಳ ದೊಡ್ಡ ಊರು. ರಸ್ತೆ ತುಂಬ ವಾಹನ. ಅಪಘಾತ ಆದರೆ ಆಂಬುಲೆನ್ಸ್ ಬೇಗ ಬರೋದು ಕಷ್ಟ. ಅದಕ್ಕೇ 1989ರಲ್ಲಿ ಅಲ್ಲಿ ಗಾಯಾಳುಗಳಿಗಾಗಿ ಹೆಲಿಕಾಪ್ಟರ್ ಸೇವೆ ಶುರುವಾಯಿತು. 1990ರಿಂದ ಅದು ರಾಯಲ್ ಲಂಡನ್ ಆಸ್ಪತ್ರೆಯ ತಾರಸಿ ಮೇಲೆ ಇಳಿಯತೊಡಗಿತು. ತಾರಸಿಯೇ ಯಾಕೆ? ಸುತ್ತ ಬಯಲಿಲ್ಲ. ಮೇಲೆ ಇಳಿದರೆ ಲಿಫ್ಟಿನಲ್ಲಿ ನೇರ ತುರ್ತು ಚಿಕಿತ್ಸೆ ವಿಭಾಗಕ್ಕೆ ಬರಬಹುದು.

ಇದು ಬರೀ ರೋಗಿಯನ್ನು ಹೊತ್ತು ತರೋ ಗಾಡಿ ಅಂದ್ಕೋಬೇಡಿ. ಡಾಕ್ಟರೇ ಅದರಲ್ಲಿ ಹೋಗ್ತಾರೆ. ಗಾಯಾಳು ಬಿದ್ದಲ್ಲೇ ಚಿಕಿತ್ಸೆ ಶುರು ಮಾಡ್ತಾರೆ. 2012ರಿಂದ ರಕ್ತವನ್ನೂ ಜೊತೆಗೆ ಒಯ್ಯುತ್ತಾರೆ. ತುಂಬ ರಕ್ತ ಹೋದವರಿಗೆ ಆಸ್ಪತ್ರೆ ತಲುಪುವ ತನಕ ಕಾಯಲು ಆಗೋದಿಲ್ಲ ನೋಡಿ. ರಾತ್ರಿ ಹೊತ್ತು ಡಾಕ್ಟರು ಕಾರಿನಲ್ಲಿ ಹೋಗುತ್ತಾರೆ.

ಆ ಹಳೆಯ ತಾರಸಿಯಲ್ಲಿ ಈಗ ಹೆಲಿಕಾಪ್ಟರ್ ಇಳಿಯೋದಿಲ್ಲ. 2012ರಲ್ಲಿ ಆಸ್ಪತ್ರೆಯ ಹೊಸ ಕಟ್ಟಡ ತೆರೆಯಿತು. ಅದರ 17ನೇ ಮಹಡಿಯಲ್ಲಿ ಈಗಿನ ಜಾಗ ಇದೆ. ಹಳೆಯದು ಮುಚ್ಚಿದರೂ ಸೇವೆ ನಿಲ್ಲಲಿಲ್ಲ.

ನಮಗೆ ಇರೋದು 108. ಫೋನ್ ಮಾಡಿದಾಗ ಊರ ಹೆಸರು, ಹತ್ತಿರದ ಗುರುತು, ಎಷ್ಟು ಜನಕ್ಕೆ ಪೆಟ್ಟಾಗಿದೆ, ಅವರಿಗೆ ಎಚ್ಚರ ಇದೆಯೇ, ಇಷ್ಟು ಹೇಳಿ. ಅವರು ಹೇಳುವ ತನಕ ಫೋನ್ ಇಡಬೇಡಿ.

ಬರೆಯಿರಿ: ನಿಮ್ಮ ಮನೆಗೆ ಬರುವ ದಾರಿಯನ್ನು ಮೂರು ವಾಕ್ಯಗಳಲ್ಲಿ ಬರೆಯಿರಿ. ಪಕ್ಕದಲ್ಲಿ ಕೂತವರಿಗೆ ಓದಿ ಹೇಳಿ. ಅವರಿಗೆ ದಾರಿ ತಿಳಿಯಿತೇ?